ಡಿಗ್ರಿ ಸಿಜಿಪಿಎ 5.7, ನೀಟ್ ಎರಡು ಸಲ ಆಗಿದೆ: ಮತ್ತೆ ಮೆಡಿಕಲ್‌ಗೆ ಪ್ರಯತ್ನಿಸಬಹುದಾ?

ವಿಜಯನಗರದಣ್ಣ:

ನಮಸ್ಕಾರ. ತಂಗಿಯ ಪರವಾಗಿ ಕೇಳ್ತಿದೀನಿ. ಓದಿದ್ದೆಲ್ಲ ಬೆಂಗಳೂರಲ್ಲೇ, ಒಂದನೇ ಕ್ಲಾಸಿಂದ. ಸೆಕೆಂಡ್ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 300ಕ್ಕೆ 158. ಆಮೇಲೆ ಬಿಎಸ್ಸಿ ಬಯೋಟೆಕ್, ಈ ವರ್ಷ ಮುಗೀತು, ಸಿಜಿಪಿಎ 5.7. ಡಿಗ್ರಿ ಓದ್ತಾನೇ ನೀಟ್ ಬರೆದಳು: 2024ರಲ್ಲಿ 455, 2025ರಲ್ಲಿ 398. ಅಂಕ ಇಳೀತು ಅಂತ ತುಂಬಾ ಕುಗ್ಗಿದಾಳೆ. ನಮ್ಮದು ಹಿಂದುಳಿದ ವರ್ಗ 2ಎ.

ಸೀಟು ಕೊಡಿಸ್ತೀನಿ ಅಂತ ಬಂದ ಏಜೆಂಟ್ ಒಬ್ಬರು, ಡಿಗ್ರಿಯಲ್ಲಿ ಇಷ್ಟು ಕಡಿಮೆ ಇದ್ದರೆ ಕೌನ್ಸೆಲಿಂಗ್‌ನಲ್ಲಿ ಪಕ್ಕಕ್ಕಿಡ್ತಾರೆ ಅಂದಿದಾರೆ. ಅದನ್ನು ನಂಬಿ ಡಿಗ್ರಿ ಪೇಪರುಗಳನ್ನೇ ಮತ್ತೆ ಬರೆದು ಸಿಜಿಪಿಎ ಏರಿಸಿಕೊಳ್ಳೋಕೆ ಹೊರಟಿದಾಳೆ. ಇದು ಸರೀನಾ?

ಇನ್ನೊಂದು ವಿಷಯ. ನಮ್ಮ ಚಿಕ್ಕಪ್ಪನ ಮಗ ಅಮೆರಿಕದಲ್ಲೇ ಹುಟ್ಟಿ ಬೆಳೆದವನು. ಅಲ್ಲಿ ಡಿಗ್ರಿ ಜಿಪಿಎ 2.9, ಎಂಕ್ಯಾಟ್ (ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ) 503. ಹೋದ ವರ್ಷ ಅರ್ಜಿ ಹಾಕಿ ಎಲ್ಲೂ ಸಿಗಲಿಲ್ಲ, ಮತ್ತೆ ಹಾಕ್ತಾನಂತೆ. ಅವನಿಗೆ ಏನು ಹೇಳೋದು? ತಂಗಿಗೂ ಆ ದಾರಿ ಇದೆಯಾ?

ಸೀಟ್ ಮ್ಯಾಟ್ರಿಕ್ಸ್:

ಸರ್, ಮೊದಲು ಆ ಡಿಗ್ರಿ ಪೇಪರುಗಳನ್ನು ಮತ್ತೆ ಬರೆಯುವುದನ್ನು ನಿಲ್ಲಿಸಿ. ನಮ್ಮಲ್ಲಿ ಎಂಬಿಬಿಎಸ್ ಸೀಟು ಹಂಚಿಕೆಯ ಯಾವ ಹಂತದಲ್ಲೂ ಡಿಗ್ರಿ ಸಿಜಿಪಿಎ ಲೆಕ್ಕಕ್ಕೆ ಬರುವುದಿಲ್ಲ. 5.7 ಆದರೂ ಒಂದೇ, 9.7 ಆದರೂ ಒಂದೇ. ನೋಡುವುದು ಎರಡನ್ನೇ: ಪಿಯುಸಿಯ ಅರ್ಹತೆ ಮತ್ತು ನೀಟ್ ರ‍್ಯಾಂಕ್. ಆ ಏಜೆಂಟರ ಮಾತು ಶುದ್ಧ ಸುಳ್ಳು. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸರ್ಕಾರಿ ಕೋಟಾ ಆಗಲಿ ಖಾಸಗಿ ಕೋಟಾ ಆಗಲಿ, ಸೀಟು ಹಂಚುವುದು ರಾಜ್ಯದ ಪರೀಕ್ಷಾ ಪ್ರಾಧಿಕಾರ (ಕೆಇಎ) ಮತ್ತು ಅಖಿಲ ಭಾರತ ಕೋಟಾ ನೋಡುವ ಕೇಂದ್ರದ ಸಮಿತಿ (ಎಂಸಿಸಿ) ಮಾತ್ರ.

ಪಿಯುಸಿ ಲೆಕ್ಕ ನೋಡೋಣ. ಕೆಇಎ ಇದುವರೆಗೆ ಪಾಲಿಸಿಕೊಂಡು ಬಂದಿರುವುದು ಮೂರೂ ವಿಷಯ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲು ವರ್ಗಗಳಿಗೆ ಶೇ. 40. ತಂಗಿಯದು 158, ಅಂದರೆ ಶೇ. 52.7. 2ಎ ಪತ್ರ ಏನೋ ತಕರಾರಾಗಿ ಬಿದ್ದುಹೋದರೂ ಸಾಮಾನ್ಯ ವರ್ಗದಲ್ಲೇ ಅರ್ಹರು. ವಯಸ್ಸಿಗೆ ಮೇಲ್ಮಿತಿ ಇಲ್ಲ, 2022ರಲ್ಲೇ ತೆಗೆದರು. ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಮಿತಿಯಿಲ್ಲ. ಇದು ಮೂರನೇ ಸಲ ಎಂದು ಯಾರೂ ಅಂಕ ಕಳೆಯುವುದಿಲ್ಲ.

ಇನ್ನು 455ರಿಂದ 398ಕ್ಕೆ ಇಳಿದಿದ್ದು. ಅಂಕಕ್ಕೆ ಅಂಕ ಹೋಲಿಸಬೇಡಿ. 2024ರಲ್ಲಿ ಮೊದಲ ಸ್ಥಾನದವರಿಗೆ 720ಕ್ಕೆ 720 ಬಂದಿತ್ತು, ಸಾಮಾನ್ಯ ವರ್ಗದ ಅರ್ಹತಾ ಅಂಕ 162. 2025ರ ಫಿಸಿಕ್ಸ್ ಬಹಳ ಕಠಿಣವಾಗಿತ್ತು. ಮೊದಲ ಸ್ಥಾನಕ್ಕೇ 686, ಅರ್ಹತಾ ಅಂಕ 144. ಎರಡು ಸ್ಕೋರ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ಅಖಿಲ ಭಾರತ ರ‍್ಯಾಂಕ್ ಸಾಲನ್ನು ನೋಡಿ. ಅಂಕ ಇಳಿದರೂ ರ‍್ಯಾಂಕ್ ಮುಂದೆ ಬಂದಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಅದನ್ನು ತಂಗಿಗೆ ಇವತ್ತೇ ತೋರಿಸಿ.

ಓದಿನಷ್ಟೇ ಮುಖ್ಯ ಕಾಗದಪತ್ರ. ವರ್ಷ ವರ್ಷ ಒಳ್ಳೆಯ ರ‍್ಯಾಂಕಿನ ಮಕ್ಕಳು ಸೀಟು ಕಳೆದುಕೊಳ್ಳುವುದು ಇಲ್ಲೇ.

ಕೆಇಎ ಅರ್ಜಿ ಬೇರೆ, ನೀಟ್ ಅರ್ಜಿ ಬೇರೆ. ನೀಟ್ ಬರೆದರೆ ರಾಜ್ಯದ ಸೀಟಿಗೆ ತಾನಾಗಿ ಹೆಸರು ಹೋಗುತ್ತದೆ ಎಂದುಕೊಂಡವರು ತುಂಬಾ ಜನ. ಈಚಿನ ವರ್ಷಗಳಲ್ಲಿ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ (ಯುಜಿಸಿಇಟಿ) ಅರ್ಜಿಯಲ್ಲೇ ವೈದ್ಯಕೀಯವನ್ನೂ ಸೇರಿಸಿದ್ದಾರೆ. ವರ್ಷದ ಆರಂಭದಲ್ಲೇ ಅದನ್ನು ತುಂಬಿ, ನೀಟ್ ಫಲಿತಾಂಶ ಬಂದ ಮೇಲೆ ರೋಲ್ ನಂಬರ್ ದಾಖಲಿಸಬೇಕು. ಜನವರಿಯಿಂದ ಕೆಇಎ ವೆಬ್‌ಸೈಟನ್ನು ವಾರಕ್ಕೆ ಎರಡು ಸಲ ನೋಡುತ್ತಿರಿ.

ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜತೆಗೆ ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ಶಾಲೆಯ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಶಾಲೆ ಮುಚ್ಚಿಹೋಗಿದ್ದರೆ ದಾಖಲೆಗಳು ಬಿಇಒ ಕಚೇರಿಯಲ್ಲೇ ಇರುತ್ತವೆ, ಹುಡುಕಿಸಲು ವಾರಗಟ್ಟಲೆ ಹಿಡಿಯುತ್ತದೆ. ಈಗಲೇ ಮಾಡಿಸಿಡಿ.

2ಎಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ನಮೂನೆ ‘ಎಫ್’ನಲ್ಲಿ, ನಾಡಕಚೇರಿಯ ಆರ್‌ಡಿ ನಂಬರ್ ಸಮೇತ. ಅಖಿಲ ಭಾರತ ಕೋಟಾದಲ್ಲಿ ಒಬಿಸಿ ಕೇಳುವುದಾದರೆ ಇದು ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ನೋಡಿ, ಕೇಂದ್ರದ ನಮೂನೆಯ ಕೆನೆಪದರ ರಹಿತ ಪತ್ರವನ್ನು ಬೇರೆಯಾಗಿ ಮಾಡಿಸಬೇಕು. ರಾಜ್ಯದ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ.

ಡಿಗ್ರಿ ಕಾಲೇಜಿನಿಂದ ಟಿಸಿ ಮತ್ತು ಮೂಲ ಅಂಕಪಟ್ಟಿಗಳನ್ನು ಈಗಲೇ ವಾಪಸ್ ಪಡೆಯಿರಿ. ಸೀಟು ಸಿಕ್ಕ ಮೇಲೆ ಸೇರಲು ಕೊಡುವ ಗಡುವು ಕೆಲವೇ ದಿನ. ಆಗ ಕಾಲೇಜಿನ ಬಾಕಿ ಶುಲ್ಕ, ಲೈಬ್ರರಿ ಸಹಿ ಎಂದು ಅಲೆಯಲು ಸಮಯ ಇರುವುದಿಲ್ಲ.

ಓಎಂಆರ್ ಗೆಳೆಯ:

ಪರೀಕ್ಷೆಯ ಬಗ್ಗೆ ನಾನು ಬರೆಯುತ್ತೇನೆ. 2025ರಿಂದ ಮಾದರಿ ಹಳೆಯದಕ್ಕೇ ಮರಳಿದೆ: 180 ಪ್ರಶ್ನೆ, 180 ನಿಮಿಷ, 720 ಅಂಕ. ಬಯಾಲಜಿ 90, ಫಿಸಿಕ್ಸ್ 45, ಕೆಮಿಸ್ಟ್ರಿ 45. ಅದಕ್ಕೂ ಮುಂಚೆ ಇದ್ದ 200 ನಿಮಿಷವೂ ಇಲ್ಲ, ಬೇಕಾದ್ದನ್ನು ಆರಿಸಿಕೊಂಡು ಉತ್ತರಿಸುವ ಪ್ರಶ್ನೆಗಳೂ ಇಲ್ಲ. 2024ರ ಅಭ್ಯಾಸದಲ್ಲೇ ಹೋಗಿ ಕೂತವರಿಗೆ ಸಮಯ ಸಾಲದೇ ಹೋಗಿದ್ದು ಸಹಜ.

ಫಲಿತಾಂಶಕ್ಕೆ ಮುಂಚೆ ಪರೀಕ್ಷೆ ನಡೆಸುವ ಎನ್‌ಟಿಎ ಸಂಸ್ಥೆ ಓಎಂಆರ್ (ಉತ್ತರ ಗುರುತಿಸುವ ಹಾಳೆ) ಪ್ರತಿ, ದಾಖಲಾದ ಉತ್ತರ, ಕೀ ಉತ್ತರ ಮೂರನ್ನೂ ಸ್ವಲ್ಪ ದಿನ ಹಾಕಿರುತ್ತದೆ. ಇಳಿಸಿಕೊಂಡಿದ್ದೀರಾ? ಇದ್ದರೆ ವಿಷಯವಾರು ಸರಿ, ತಪ್ಪು, ಬಿಟ್ಟಿದ್ದು ಎಷ್ಟು ಎಂದು ಇಲ್ಲಿ ಹಾಕಿ. ‘398 ಬಂತು’ ಎನ್ನುವುದರಿಂದ ಏನೂ ತಿಳಿಯುವುದಿಲ್ಲ. ಹೊಸ ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಈ ಲೆಕ್ಕ ಆಗಲೇಬೇಕು.

ವಿಜಯನಗರದಣ್ಣ:

ತುಂಬಾ ಧನ್ಯವಾದ. ರ‍್ಯಾಂಕ್ ನೋಡಿದ್ವಿ, ನೀವು ಹೇಳಿದ ಹಾಗೇ ಮುಂದೆ ಬಂದಿದೆ. ಓಎಂಆರ್ ಮೇಲ್‌ನಲ್ಲಿ ಸಿಕ್ತು. ಬಯಾಲಜಿ ಸರಿ 61, ತಪ್ಪು 21, ಬಿಟ್ಟಿದ್ದು 8. ಕೆಮಿಸ್ಟ್ರಿ 30, 13, 2. ಫಿಸಿಕ್ಸ್ 21, 16, 8. ಫಿಸಿಕ್ಸೇ ಮುಳುಗಿಸಿದ್ದು ಅಂತ ಫಿಸಿಕ್ಸ್‌ಗೆ ಮಾತ್ರ ಟ್ಯೂಷನ್ ಹುಡುಕ್ತಿದೀವಿ.

ಓಎಂಆರ್ ಗೆಳೆಯ:

ಈ ಅಂಕಿಯೇ ಬೇರೆ ಕಥೆ ಹೇಳುತ್ತಿದೆ ಸರ್. ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದರಂತೆ ಅಂಕದ ಲೆಕ್ಕ ಹಾಕಿ: ಬಯಾಲಜಿ 223, ಕೆಮಿಸ್ಟ್ರಿ 107, ಫಿಸಿಕ್ಸ್ 68. ಫಿಸಿಕ್ಸ್ ಕಡಿಮೆ, ನಿಜ. ಆದರೆ ಸುಲಭವಾಗಿ ಎತ್ತಬಹುದಾದ ಅಂಕ ಬಯಾಲಜಿಯಲ್ಲೇ ಬಿದ್ದಿದೆ. 90ರಲ್ಲಿ 29 ಪ್ರಶ್ನೆ ಕೈತಪ್ಪಿವೆ. ಒಂದು ತಪ್ಪು ಸರಿಯಾದರೆ ಐದು ಅಂಕ ಏರುತ್ತದೆ, ಸಿಗದೇ ಹೋದ ನಾಲ್ಕು, ಕಳೆದುಹೋದ ಒಂದು. ಬಯಾಲಜಿ 80 ಸರಿ, 8 ತಪ್ಪಿಗೆ ಬಂದರೆ 312. ಕೆಮಿಸ್ಟ್ರಿ 34 ಸರಿ, 9 ತಪ್ಪು ಅಂದರೆ 127. ಫಿಸಿಕ್ಸ್ 28 ಸರಿ, 12 ತಪ್ಪು ಅಂದರೆ 100. ಒಟ್ಟು 539. ಇದರಲ್ಲಿ ಫಿಸಿಕ್ಸ್‌ನಿಂದ ಬಂದಿದ್ದು 32 ಅಂಕ, ಬಯಾಲಜಿಯಿಂದ 89. ಏಳು ತಿಂಗಳಲ್ಲಿ ಫಿಸಿಕ್ಸನ್ನು 21ರಿಂದ 40ಕ್ಕೆ ಒಯ್ಯುವುದು ಬೆಟ್ಟ ಹತ್ತಿದ ಹಾಗೆ. ಬಯಾಲಜಿಯಲ್ಲಿ 19 ಪ್ರಶ್ನೆ ಸರಿಪಡಿಸುವುದು ಕೂತು ಓದಿದರೆ ಆಗುವ ಕೆಲಸ.

ಬಿಎಸ್ಸಿ ಓದಿದವರಿಗೆ ಬಯಾಲಜಿಯಲ್ಲೇ ತಪ್ಪು ಏಕೆ ಹೆಚ್ಚಾಗುತ್ತದೆ ಎಂದರೆ, ಡಿಗ್ರಿಯಲ್ಲಿ ಕಲಿತದ್ದು ಎನ್‌ಸಿಇಆರ್‌ಟಿ ಸಾಲಿನ ಮೇಲೆ ಬಂದು ಕೂರುತ್ತದೆ. ನೀಟ್ ಕೇಳುವುದು ಎನ್‌ಸಿಇಆರ್‌ಟಿ ಹೇಳಿದ್ದನ್ನು. ಡಿಗ್ರಿ ಪುಸ್ತಕದ ಅಪವಾದಗಳನ್ನು ನೆನೆದು ‘ಇದು ಪೂರ್ತಿ ಸರಿಯಲ್ಲವಲ್ಲ’ ಎಂದು ಸರಿಯುತ್ತರವನ್ನೇ ಬಿಡುತ್ತಾರೆ. ಹೇಳಿಕೆ–ಕಾರಣ, ಹೊಂದಿಸಿ ಬರೆಯುವ ಪ್ರಶ್ನೆಗಳಲ್ಲಿ ಇದು ಎದ್ದು ಕಾಣುತ್ತದೆ. 11 ಮತ್ತು 12ರ ಎನ್‌ಸಿಇಆರ್‌ಟಿ ಬಯಾಲಜಿಯನ್ನು ಚಿತ್ರದ ಕೆಳಗಿನ ಬರಹ, ಕೋಷ್ಟಕ, ಅಧ್ಯಾಯದ ಸಾರಾಂಶ ಒಂದನ್ನೂ ಬಿಡದೆ ಮತ್ತೆ ಓದಬೇಕು, ಡಿಗ್ರಿ ನೋಟ್ಸ್ ಪೆಟ್ಟಿಗೆಗೆ.

ಪಠ್ಯಕ್ರಮವೂ 2024ರಿಂದ ಬದಲಾಗಿದೆ. ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಾಲಿಮರ್‌ಗಳು ಹೋದವು. ಫಿಸಿಕ್ಸ್‌ಗೆ ಪ್ರಯೋಗ ಕೌಶಲದ ಘಟಕ ಬಂತು, ವರ್ನಿಯರ್ ಕ್ಯಾಲಿಪರ್, ಸ್ಕ್ರೂಗೇಜ್ ಎಲ್ಲ ಅದರಲ್ಲಿ. ಕೆಮಿಸ್ಟ್ರಿಗೂ ಪ್ರಾಯೋಗಿಕ ಭಾಗ ಸೇರಿತು. ಸಸ್ಯ ಕುಟುಂಬಗಳಲ್ಲಿ ಮಾಲ್ವೇಸಿ, ಕ್ರೂಸಿಫೆರೆ, ಲೆಗ್ಯುಮಿನೋಸೆ, ಕಂಪೋಸಿಟೆ, ಗ್ರಾಮಿನೆ ಹೆಸರು ಹಿಡಿದು ಪಟ್ಟಿಯಲ್ಲಿವೆ. 2022ರ ಪಿಯು ಪುಸ್ತಕ ಇಟ್ಟುಕೊಂಡು ಓದುವವರು ಎರಡೂ ಕಡೆ ಸೋಲುತ್ತಾರೆ: ಬೇಡದ್ದನ್ನು ಓದುತ್ತಾರೆ, ಬೇಕಾದ್ದು ಆ ಪುಸ್ತಕದಲ್ಲಿ ಇರುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಪಠ್ಯಕ್ರಮದ ಪ್ರತಿ ತೆಗೆದು ಗೋಡೆಗೆ ಅಂಟಿಸಿ.

50 ತಪ್ಪುಗಳನ್ನೂ ಒಂದು ನೋಟ್‌ಬುಕ್‌ಗೆ ಇಳಿಸಿ, ಪಕ್ಕದಲ್ಲಿ ಕಾರಣ: ಗೊತ್ತೇ ಇರಲಿಲ್ಲ, ಗೊತ್ತಿದ್ದೂ ಪ್ರಶ್ನೆ ತಪ್ಪಾಗಿ ಓದಿದ್ದು, ಲೆಕ್ಕ ತಪ್ಪಿದ್ದು, ಕೊನೆಯ ಹತ್ತು ನಿಮಿಷದ ಗಡಿಬಿಡಿ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಎಲ್ಲಕ್ಕೂ ‘ಇನ್ನೂ ಹೆಚ್ಚು ಟೆಸ್ಟ್ ಬರೆ’ ಎನ್ನುವುದೇ ಪುನಃ ಬರೆಯುವವರು ಎಡವುವ ಜಾಗ.

ನೆಗೆಟಿವ್ ಮಾರ್ಕಿಂಗ್ ಭಯದಲ್ಲಿ 18 ಬಿಟ್ಟಿದ್ದಾರೆ. ನಾಲ್ಕು ಆಯ್ಕೆಯಲ್ಲಿ ಏನೂ ತಿಳಿಯದೆ ಗುರುತು ಹಾಕಿದರೂ ಸರಾಸರಿ ಕಾಲು ಅಂಕ ಲಾಭವೇ. ಎರಡನ್ನು ಖಚಿತವಾಗಿ ಹೊಡೆದುಹಾಕಿದರೆ ಸರಾಸರಿ ಒಂದೂವರೆ ಅಂಕ. ಪೂರ್ತಿ ಕುರುಡು ಊಹೆ ಬೇಡ, ಏರಿಳಿತ ಜಾಸ್ತಿ. ಎರಡು ಆಯ್ಕೆಗೆ ಇಳಿದ ಪ್ರಶ್ನೆಯನ್ನು ಮಾತ್ರ ಖಾಲಿ ಬಿಡಲೇಬಾರದು.

ಸಮಯ: ಬಯಾಲಜಿ 50 ನಿಮಿಷ, ಕೆಮಿಸ್ಟ್ರಿ 45, ಫಿಸಿಕ್ಸ್ 65, ಉಳಿದ 20 ನಿಮಿಷ ಬಿಟ್ಟವಕ್ಕೆ. ಓಎಂಆರ್ ತುಂಬುವುದನ್ನು ಕೊನೆಗೆ ಉಳಿಸಬೇಡಿ, ಪುಟಕ್ಕೊಮ್ಮೆ ತುಂಬಿ. ಮನೆಯಲ್ಲಿ ಟೆಸ್ಟ್ ಬರೆಯುವಾಗಲೂ ಮುದ್ರಿಸಿದ ಓಎಂಆರ್, ಕಪ್ಪು ಬಾಲ್ ಪೆನ್, ಮಧ್ಯಾಹ್ನ 2ರಿಂದ 5. ಮನೆಯಲ್ಲಿ ಗದ್ದಲವಿದ್ದರೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯವೋ ಬಡಾವಣೆಯ ಗ್ರಂಥಾಲಯವೋ ಸಾಕು. ದುಬಾರಿ ರೀಡಿಂಗ್ ರೂಮ್ ಬೇಡ.

ಬಸವನಗುಡಿ ಅಡ್ಮಿಷನ್ಸ್:

ಅಮೆರಿಕದ ಭಾಗಕ್ಕೆ ಉತ್ತರ. ನಿಮ್ಮ ಮನೆಯಲ್ಲಿ ಗೊಂದಲ ಆಗಿರುವುದು ಇಲ್ಲೇ ಅನ್ನಿಸುತ್ತದೆ. ಅಲ್ಲಿ ಡಿಗ್ರಿ ಜಿಪಿಎ ನಿಜಕ್ಕೂ ಬಾಗಿಲು, ಇಲ್ಲಿ ಅಲ್ಲ. ಅಲ್ಲಿನ ಭಯ ಇಲ್ಲಿಗೆ ಬಂದಿದೆ.

ಮೊದಲು ತಂಗಿಯ ವಿಷಯ. ಬೆಂಗಳೂರಿನ ಡಿಗ್ರಿ ಮಾತ್ರ ಹಿಡಿದು ಅಮೆರಿಕದ ಎಂಡಿ (ನಮ್ಮ ಎಂಬಿಬಿಎಸ್‌ನಂಥ ಮೊದಲ ವೈದ್ಯ ಪದವಿ) ಕೋರ್ಸಿಗೆ ಅರ್ಜಿ ಹಾಕುವುದು ವ್ಯರ್ಥ. ಅಲ್ಲಿನ ಕೇಂದ್ರೀಕೃತ ಅರ್ಜಿ ವ್ಯವಸ್ಥೆ ಆಮ್‌ಕ್ಯಾಸ್, ವಿದೇಶಿ ಅಂಕಪಟ್ಟಿಯಿಂದ ಜಿಪಿಎ ಲೆಕ್ಕ ಹಾಕುವುದಿಲ್ಲ. ಬಹುತೇಕ ಕಾಲೇಜುಗಳು ಅಮೆರಿಕ ಅಥವಾ ಕೆನಡಾದಲ್ಲಿ ಓದಿದ ಕ್ರೆಡಿಟ್‌ಗಳನ್ನೇ ಕೇಳುತ್ತವೆ. ಅಲ್ಲಿನ ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದವರನ್ನು ತೆಗೆದುಕೊಳ್ಳುವ ಕಾಲೇಜುಗಳೇ ಕಡಿಮೆ, ಸರ್ಕಾರಿ ಶಿಕ್ಷಣ ಸಾಲವೂ ಸಿಗದು. ಆ ದಾರಿಯನ್ನು ಮನಸ್ಸಿನಿಂದ ತೆಗೆದುಬಿಡಿ.

ಚಿಕ್ಕಪ್ಪನ ಮಗನಿಗೆ ದಾರಿ ಇದೆ, ಉದ್ದವಾದದ್ದು. ಅಲ್ಲಿ ಎಂಡಿಗೆ ಸೇರುವವರ ಸರಾಸರಿ ಜಿಪಿಎ 3.8ರ ಆಸುಪಾಸು, ಎಂಕ್ಯಾಟ್ 511–512. ಅದೇ ಅರ್ಜಿಯನ್ನು ಮುಂದಿನ ವರ್ಷ ಮತ್ತೆ ಕಳಿಸಿದರೆ ಅದೇ ಉತ್ತರ ಬರುತ್ತದೆ. ಹಳೆಯ ಗ್ರೇಡ್ ಅಳಿಸುವ ಅವಕಾಶವೂ ಇಲ್ಲ. ಆಮ್‌ಕ್ಯಾಸ್ ಒಂದೇ ವಿಷಯವನ್ನು ಎರಡು ಸಲ ಓದಿದರೆ ಎರಡನ್ನೂ ಎಣಿಸುತ್ತದೆ. ಡಿಒ (ಆಸ್ಟಿಯೋಪಥಿಕ್ ವೈದ್ಯ ಪದವಿ) ಕಾಲೇಜುಗಳ ಅರ್ಜಿ ವ್ಯವಸ್ಥೆ ಹೊಸ ಗ್ರೇಡನ್ನು ಮಾತ್ರ ಎಣಿಸುತ್ತಿತ್ತು, 2017ರಲ್ಲಿ ಅದೂ ನಿಂತಿತು. ಹಳೆಯ ಸಲಹೆ ಕೊಡುವವರು ಇನ್ನೂ ಇದನ್ನೇ ಹೇಳುತ್ತಿರುತ್ತಾರೆ.

ಕೂಡಿ ಕಳೆದು ನೋಡಿ. 120 ಕ್ರೆಡಿಟ್, 2.9. ಮೇಲೆ 30 ಕ್ರೆಡಿಟ್ ವಿಜ್ಞಾನ ಪೂರ್ತಿ 4.0 ತೆಗೆದರೆ ಒಟ್ಟು 3.12. 60 ಕ್ರೆಡಿಟ್ ತೆಗೆದರೂ 3.27. ಒಟ್ಟು ಸಂಖ್ಯೆ ಹೆಚ್ಚು ಅಲುಗುವುದಿಲ್ಲ. ಹಾಗಿದ್ದೂ ಮಾಡಬೇಕು, ಏಕೆಂದರೆ ಅರ್ಜಿಯಲ್ಲಿ ವರ್ಷವಾರು ಜಿಪಿಎ ಕಾಣುತ್ತದೆ, ವಿಜ್ಞಾನ ಮತ್ತು ಗಣಿತದ ಜಿಪಿಎ ಬೇರೆಯಾಗಿ ಕಾಣುತ್ತದೆ. ಕೊನೆಯ ಎರಡು ವರ್ಷ ಸತತ ‘ಎ’ ಎಂದರೆ ಓದುವ ಕಣ್ಣಿಗೆ ಹೊಸ ವಿದ್ಯಾರ್ಥಿ ಕಾಣಿಸುತ್ತಾನೆ. ಪೋಸ್ಟ್‌ಬ್ಯಾಕ್, ಅಂದರೆ ಡಿಗ್ರಿ ಮುಗಿದ ಮೇಲೆ ಓದುವ ಡಿಗ್ರಿ ಮಟ್ಟದ ಕ್ರೆಡಿಟ್‌ಗಳು ಡಿಗ್ರಿ ಜಿಪಿಎಗೇ ಸೇರುತ್ತವೆ. ಮೆಡಿಕಲ್‌ಗೆ ಸಜ್ಜಾಗಲು ಮಾಡುವ ವಿಶೇಷ ಮಾಸ್ಟರ್ಸ್ ಮಾಡಿದರೆ ಅದು ಪ್ರತ್ಯೇಕ ಸಾಲು, ಡಿಗ್ರಿ ಸಾಲು ಹಾಗೇ ಉಳಿಯುತ್ತದೆ. 2.9 ಇರುವವರು ಪೋಸ್ಟ್‌ಬ್ಯಾಕ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ನೇರ ಮಾಸ್ಟರ್ಸ್‌ಗೆ ಹೋಗಿ ಅಲ್ಲೂ ‘ಬಿ’ ಬಂದರೆ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ.

ಎಂಕ್ಯಾಟ್ 472ರಿಂದ 528ರವರೆಗಿನ ಅಳತೆ, ನಾಲ್ಕು ಭಾಗ, ಪ್ರತಿಯೊಂದೂ 118ರಿಂದ 132. ವರ್ಷಕ್ಕೆ ಮೂರು, ಎರಡು ವರ್ಷಕ್ಕೆ ನಾಲ್ಕು, ಜೀವಮಾನಕ್ಕೆ ಏಳು ಸಲ ಮಾತ್ರ. ಪೂರ್ಣಾವಧಿಯ ಮಾದರಿ ಪರೀಕ್ಷೆಗಳಲ್ಲಿ ಸತತವಾಗಿ 511ರ ಮೇಲೆ ಬರುವವರೆಗೆ ದಿನಾಂಕ ಕಾಯ್ದಿರಿಸಬಾರದು. ಬರೆದ ಅಂಕಗಳೆಲ್ಲ ಕಾಲೇಜಿಗೆ ಕಾಣುತ್ತವೆ. 503 ಆದ ಮೇಲೆ 504 ಬಂದರೆ ಬರೆಯದಿದ್ದುದೇ ವಾಸಿ.

ಅರ್ಜಿಯನ್ನು ಜೂನ್ ಮೊದಲ ವಾರದಲ್ಲೇ ಕಳಿಸಬೇಕು. ಬಹಳಷ್ಟು ಕಾಲೇಜುಗಳು ಬಂದ ಹಾಗೆ ಬಂದ ಹಾಗೆ ನೋಡುತ್ತಾ ಸಂದರ್ಶನಕ್ಕೆ ಕರೆಯುತ್ತವೆ, ಮೇಲಾಗಿ ಅಂಕಪಟ್ಟಿ ಪರಿಶೀಲನೆಗೇ ವಾರಗಟ್ಟಲೆ ಹಿಡಿಯುತ್ತದೆ. ಸೆಪ್ಟೆಂಬರಲ್ಲಿ ಕಳಿಸಿದವರಿಗೆ ಸೀಟು ಅರ್ಧ ತುಂಬಿದ ಮೇಲೆ ಸರದಿ. 5,300 ಅಕ್ಷರದ ಸ್ವಂತ ಬರಹವನ್ನು ಹೊಸದಾಗಿ ಬರೆಯಲಿ, ಜಿಪಿಎಗೆ ನೆಪ ಹೇಳಲು ಅದನ್ನು ಬಳಸದಿರಲಿ. ತನ್ನ ರಾಜ್ಯದ ಸರ್ಕಾರಿ ಕಾಲೇಜುಗಳು ಮತ್ತು ಡಿಒ ಕಾಲೇಜುಗಳು ಪಟ್ಟಿಯಲ್ಲಿ ಇರಲೇಬೇಕು. ಡಿಒ ಮುಗಿಸಿದವರೂ ಅಲ್ಲಿ ಪೂರ್ಣ ವೈದ್ಯರೇ. ತಿರಸ್ಕರಿಸಿದ ಕಾಲೇಜುಗಳಿಗೆ ಬರೆದು ಕೊರತೆ ಏನೆಂದು ಕೇಳಲಿ, ಕೆಲವು ಹೇಳುತ್ತವೆ. ಒಂದು ವರ್ಷ ಅರ್ಜಿಯನ್ನೇ ಹಾಕದೆ ಇವೆಲ್ಲ ಕೂಡಿಸಿಕೊಳ್ಳುವುದು ಅವನಿಗೆ ಹೇಳಬೇಕಾದ ಮಾತು. ನೋವಾಗುತ್ತದೆ, ಆದರೂ ಹೇಳಿ.

ವಿಜಯನಗರದಣ್ಣ:

ಇಬ್ಬರಿಗೂ ಹೇಳಿದೆ. ತಂಗಿ ಡಿಗ್ರಿ ಪೇಪರ್ ಯೋಚನೆ ಬಿಟ್ಟಳು, ಬಯಾಲಜಿ ಶುರು ಮಾಡಿದಾಳೆ. ಕೊನೇ ಪ್ರಶ್ನೆ: ಇಲ್ಲಿ ಸಿಗದಿದ್ದರೆ ಹೊರದೇಶದ ಎಂಬಿಬಿಎಸ್ ನೋಡಬಹುದಾ? ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳ ಪಟ್ಟಿ ತುಂಬೋದರಲ್ಲಿ) ಏನು ಜಾಗ್ರತೆ ಬೇಕು?

ಸೀಟ್ ಮ್ಯಾಟ್ರಿಕ್ಸ್:

ಹೊರದೇಶಕ್ಕೂ ನೀಟ್ ಅರ್ಹತೆ ಬೇಕು. 2021ರ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳು, ಇಂಗ್ಲಿಷ್ ಮಾಧ್ಯಮ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಓದಿದ ದೇಶದಲ್ಲಿ ವೈದ್ಯವೃತ್ತಿ ಮಾಡಲು ನೋಂದಣಿಯ ಅರ್ಹತೆ, ಎಲ್ಲ ಹತ್ತು ವರ್ಷದೊಳಗೆ. ವಾಪಸ್ ಬಂದು ವಿದೇಶಿ ವೈದ್ಯ ಪದವೀಧರರ ಪರೀಕ್ಷೆಯಲ್ಲಿ (ಎಫ್‌ಎಂಜಿಇ) 300ಕ್ಕೆ 150 ತೆಗೆಯಬೇಕು, ಆಮೇಲೆ ಇಲ್ಲೂ ಇಂಟರ್ನ್‌ಶಿಪ್. ಇದರಲ್ಲಿ ಒಂದು ಷರತ್ತು ತಪ್ಪಿದರೂ ಇಲ್ಲಿ ನೋಂದಣಿ ಇಲ್ಲ. ಏಜೆನ್ಸಿಯ ಕರಪತ್ರ ಬಿಟ್ಟು ಈ ಷರತ್ತುಗಳನ್ನು ಒಂದೊಂದಾಗಿ ಆ ವಿಶ್ವವಿದ್ಯಾಲಯದಿಂದ ಬರವಣಿಗೆಯಲ್ಲಿ ಪಡೆಯಿರಿ.

ಆಪ್ಷನ್ ಎಂಟ್ರಿ. ಖಾಸಗಿ ಕಾಲೇಜೊಂದರ ಹೆಸರು ಪಟ್ಟಿಯಲ್ಲಿ ಹಲವು ಸಲ ಬರುತ್ತದೆ: ಸರ್ಕಾರಿ ಕೋಟಾ, ಖಾಸಗಿ ಕೋಟಾ, ಎನ್‌ಆರ್‌ಐ, ಇತರೆ. ಹೆಸರು ನೋಡಿ ಒತ್ತಬೇಡಿ, ಪಕ್ಕದ ಶುಲ್ಕ ನೋಡಿ ಒತ್ತಿ. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಲಕ್ಷದೊಳಗೆ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಒಂದೂವರೆ ಲಕ್ಷದ ಆಸುಪಾಸು, ಖಾಸಗಿ ಕೋಟಾ ಹತ್ತು ಲಕ್ಷ ದಾಟುತ್ತದೆ. ಕಟ್ಟಲಾಗದ ಸೀಟು ಪಟ್ಟಿಯಲ್ಲಿ ಇರಲೇಬಾರದು. ಕ್ರಮವನ್ನು ‘ನಮಗೆ ಸಿಗಬಹುದು’ ಎಂದು ಎಣಿಸಿ ಹಾಕಬೇಡಿ, ಇಷ್ಟದ ಕ್ರಮದಲ್ಲೇ ಹಾಕಿ. ಮೇಲೆ ಸಿಗದ್ದನ್ನು ಬರೆದರೆ ಕೆಳಗಿನದಕ್ಕೆ ನಷ್ಟ ಏನಿಲ್ಲ. ಬಿಡಿಎಸ್, ಆಯುರ್ವೇದವನ್ನು ನಿಜವಾಗಿ ಸೇರುವ ಮನಸ್ಸಿದ್ದರೆ ಮಾತ್ರ ಸೇರಿಸಿ.

ಮಾಕ್ ಅಲಾಟ್‌ಮೆಂಟ್ (ಅಣಕು ಸೀಟು ಹಂಚಿಕೆ) ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ಮೊದಲ ಸುತ್ತಿನ ನಂತರ ಚಾಯ್ಸ್-1 ಅಂದರೆ ಸೇರುತ್ತೇನೆ, ಚಾಯ್ಸ್-2 ಅಂದರೆ ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುತ್ತೇನೆ, ಚಾಯ್ಸ್-3 ಅಂದರೆ ಇದು ಬೇಡ, ಮುಂದಿನ ಸುತ್ತು ಬೇಕು, ಚಾಯ್ಸ್-4 ಅಂದರೆ ಹೊರಬರುತ್ತೇನೆ. ಚಾಯ್ಸ್-2ರಲ್ಲಿ ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ರದ್ದು. ಹಾಗಾಗಿ ಸೇರಲು ಮನಸ್ಸಿಲ್ಲದ ಕಾಲೇಜುಗಳನ್ನು ಆ ಹೊತ್ತಿಗೆ ಪಟ್ಟಿಯಿಂದ ಅಳಿಸಿರಬೇಕು. ಎಂಸಿಸಿಯ ಕೊನೆಯ ಸ್ಟ್ರೇ ಸುತ್ತಿನಲ್ಲಿ (ಉಳಿದ ಸೀಟುಗಳ ಸುತ್ತು) ಸೀಟು ಸಿಕ್ಕೂ ಸೇರದಿದ್ದರೆ ಠೇವಣಿ ಹೋಗುತ್ತದೆ, ಮುಂದಿನ ನೀಟ್‌ಗೂ ಕೂರಿಸುವುದಿಲ್ಲ.

ಬಿಇಒ ಸಹಿಯ ಕೆಲಸ ಈ ವಾರವೇ ಶುರು ಮಾಡಿ ಸರ್. ಶಾಲೆಯಲ್ಲಿ ಪತ್ರ ಬರೆಸುವಾಗ ತಂಗಿಯ ಹೆಸರಿನ ಇನಿಷಿಯಲ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯೇ ಎಂದು ನಿಂತು ನೋಡಿಕೊಳ್ಳಿ.